ಮರಳಿನವರೆಗಿನ ದಾರಿ

ಜಲಶಾಯಿಯಾದ ಶ್ರೀಮನ್ನಾರಾಯಣನ ಪಾದಗಳಿಗೆ ವಂದಿಸಿ, ಶಾಲಿವಾಹನ ಶಕ ೨೧೪೮ನೆಯ ಅಕ್ಷಯ ಸಂವತ್ಸರದ ಕಾರ್ತಿಕ ಅಮಾವಾಸ್ಯೆಯಂದು, ಸುರಹೊನ್ನೆ ದ್ವೀಪದ ಸಂರಕ್ಷಿತ ಉದ್ಯಾನದಲ್ಲಿ ನಡೆದಾಡುತ್ತಿರುವ ಪೂರ್ವಿಕರಿಗೆ ಶೇಷಗಿರಿ ಉಪಾಧ್ಯನು ಮಾಡುವ ವಿಜ್ಞಾಪನೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇನ್ನೂರು ವರ್ಷಗಳ ನೀರು ಅದರ ಮೇಲೆ ಹರಿದಿದೆ.

ನೀವು ನಡೆಯುವ ಕಾಡು ಈಗ ಸಮುದ್ರದ ಕೆಳಗೆ ಮೂರು ಮಾರು ಆಳದಲ್ಲಿದೆ. ಅದರ ಚಾರಣದ ಹಾದಿಯನ್ನು ನಾವು ಮುಳುಗುದಾರಿ ಎನ್ನುತ್ತೇವೆ. ಪ್ರತಿ ಅಮಾವಾಸ್ಯೆಯ ಇಳಿತದಲ್ಲಿ ದೋಣಿಯಲ್ಲಿ ಕುಳಿತೇ ಅದನ್ನು ನಡೆಯುವುದು ನಮ್ಮ ವ್ರತ. ದಾರಿ ತಿಳಿಯುವುದು ನಿಮ್ಮ ಕಾಲದ ಅರಣ್ಯರಕ್ಷಕ ದೇವು ಹರಿಕಾಂತ ಬರೆದಿಟ್ಟ ಪುಸ್ತಕದಿಂದ: ಇಷ್ಟು ಹೆಜ್ಜೆ, ಇಲ್ಲಿ ತಿರುವು, ಇಲ್ಲಿ ಜಾರುಬಂಡೆ, ಇಲ್ಲಿ ಹೊನ್ನೆಯ ಬೇರು. ನಾಲ್ಕು ಹೆಜ್ಜೆಗೆ ಒಂದು ಹುಟ್ಟು ಹಾಕುತ್ತೇವೆ. ಬೇರಿನ ಜಾಗ ಬಂದಾಗ ದೋಣಿಯಲ್ಲಿರುವವರೆಲ್ಲ ಕಾಲೆತ್ತುತ್ತೇವೆ. ನನ್ನ ಪತ್ನಿ ವಾರಿಜಾಕ್ಷಿ ನಲವತ್ತು ವರ್ಷ ಚುಕ್ಕಾಣಿ ಹಿಡಿದವಳು. ಸ್ತೋತ್ರದ ಗುಂಗಿನಲ್ಲಿ ನಾನು ಮರೆತರೆ, “ಕಾಲೆತ್ತಿ ಉಪಾಧ್ಯರೇ, ಇಲ್ಲದ ಬೇರಿಗೆ ಎಡವಿ ಬಿದ್ರು ಅಂತ ಊರೆಲ್ಲ ನಗ್ತದೆ” ಎನ್ನುತ್ತಿದ್ದಳು.

ಹದಿನೇಳನೆಯ ತಿರುವಿನಲ್ಲಿ ನಾವು ನಿಲ್ಲಬೇಕಾಗುತ್ತದೆ. ಅಲ್ಲಿ ದೇವು ಬರೆದದ್ದು ಇಷ್ಟೇ: ‘ಮುಂದೆ ಮರಳಿನವರೆಗೆ ದಾರಿ ಎಲ್ಲರಿಗೂ ಗೊತ್ತಿರುವುದೇ.’ ಆ ಮರಳ ತೀರ ಯಾವ ದಿಕ್ಕಿನಲ್ಲಿತ್ತೆಂದು ಬಲ್ಲವರು ಈಗ ಒಬ್ಬರೂ ಇಲ್ಲ. ಉದ್ದನೆಯ ಬಿದಿರ ಗಳುವನ್ನು ತಳಕ್ಕಿಳಿಸಿ ಹುಡುಕಿದೆವು. ಎಲ್ಲೆಡೆ ಕೆಸರೇ ತಾಗಿತು.

ಕಳೆದ ತಿಂಗಳು ವಾರಿಜಾಕ್ಷಿ ತೀರಿಕೊಂಡಳು. ತನ್ನ ಅಸ್ಥಿಯನ್ನು ಆ ಮರಳಿನ ಮೇಲೆಯೇ ಬಿಡಬೇಕೆಂದು ಕೇಳಿದ್ದಳು. “ಒಮ್ಮೆಯಾದರೂ ದಾರಿ ಮುಗಿಸ್ಬೇಕಲ್ಲ” ಎಂದಿದ್ದಳು. ಇಂದು ಅಸ್ಥಿಯ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಟೆ. ಚುಕ್ಕಾಣಿಯನ್ನು ಮಗಳು ಹಿಡಿದಳು. ಬೇರಿನ ಬಳಿ ಯಾರೂ ನೆನಪಿಸದೆ ನಾನೇ ಕಾಲೆತ್ತಿದೆ. ಹದಿನೇಳನೆಯ ತಿರುವಿನಲ್ಲಿ ಬಹಳ ಹೊತ್ತು ನಿಂತೆವು. ಸಮುದ್ರವೆಲ್ಲ ಒಂದೇ ತೀರ್ಥವೆಂದು ಶಾಸ್ತ್ರ ಹೇಳೀತು. ನನ್ನ ಕೈ ಒಪ್ಪಲಿಲ್ಲ. ಮಡಕೆಯೊಂದಿಗೇ ಹಿಂದಿರುಗಿದೆ.

ದ್ವೀಪವನ್ನು ಉಳಿಸಿರೆಂದು ಕೇಳುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಒಬ್ಬರು ನಾಳೆ ಹದಿನೇಳನೆಯ ತಿರುವಿನಿಂದ ಮರಳಿನವರೆಗೆ ನಡೆದು, ಹೆಜ್ಜೆ ಎಷ್ಟು, ಎಡಕ್ಕೋ ಬಲಕ್ಕೋ ಎಂಬುದನ್ನು ಬರೆದಿಡಿ. ಎಲ್ಲರಿಗೂ ಗೊತ್ತೆಂದು ಬಿಟ್ಟುಬಿಡಬೇಡಿ. ಮಡಕೆ ನಮ್ಮ ಹಿತ್ತಿಲ ಮರದ ಕೊಂಬೆಯಲ್ಲಿ ಕಾಯುತ್ತಿರುತ್ತದೆ.

ಬರೆಯುವ ಕೈಗೂ, ಬರೆಯದೆ ಬಿಟ್ಟ ದೇವುವಿಗೂ, ಅರ್ಧದಾರಿಯಲ್ಲಿ ನಿಂತಿರುವ ನನ್ನವಳಿಗೂ, ನಿಮ್ಮ ಪಾದದಡಿಯಲ್ಲಿ ಇನ್ನೂ ಬಿಸಿಲಿಗೆ ಒಣಗುತ್ತಿರುವ ಆ ಮರಳಿಗೂ ಮಂಗಳವಾಗಲಿ.