ಲಂಗರು ಜಾರಿದ ಮಧ್ಯಾಹ್ನ

ಪ್ಲಿಮತ್, ಮಿಶಿಗನ್
ಮಾರ್ಚ್ 19, 2025

ಪ್ರೀತಿಯ ಶಾರದಕ್ಕಾ,

ಕಣ್ಣಿನ ಆಪರೇಷನ್ ಆದ ಮೇಲೆ ಭಾವನಿಗೆ ಪೇಪರ್ ಓದೋಕಾಗ್ತಿದೆಯಾ? ನಿನ್ನ ಮಂಡಿನೋವು ಹೇಗಿದೆ? ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸ್ತಾಳೆ, ಅದಕ್ಕೇ ಈ ಕಾಗದ. ನೀನೊಬ್ಬಳೇ ಓದಿಕೊ.

ನಾವು ಕೆರಿಬಿಯನ್‌ಗೆ ಹೋಗಿದ್ದು ಗೊತ್ತಲ್ಲ. ಇವರು ಇಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಹಾಯಿದೋಣಿ ನಡೆಸೋದು ಕಲಿತಿದ್ದರು. ಅಲ್ಲಿ ಒಂದು ದೋಣಿ ಬಾಡಿಗೆಗೆ ಹಿಡಿದರು. ಒಳಗೆ ಅಡುಗೆಮನೆ, ಮಲಗೋ ಜಾಗ ಎಲ್ಲ ಇತ್ತು. ನನಗೆ ಮಾತ್ರ ಹೊಟ್ಟೆ ತೊಳಸಿ ತೊಳಸಿ, ಮಾಡಿದ ಚಿತ್ರಾನ್ನವನ್ನೆಲ್ಲ ಇವರೊಬ್ಬರೇ ತಿಂದರು. ಕೊನೆಗೆ ಒಂದು ಪುಟ್ಟ ದ್ವೀಪ ಸಿಕ್ಕಿತು: ಒಂದು ಚರ್ಚು, ಹತ್ತಾರು ಮನೆ, ಗೋಡೆ ಮೇಲೆಲ್ಲ ಮೇಕೆ. ಲಂಗರು ಹಾಕಿ, ಜೊತೆಗಿದ್ದ ರಬ್ಬರ್ ದೋಣಿಯಲ್ಲಿ ದಡ ಸೇರಿದೆವು.

ಎಳನೀರು ಕುಡೀತಾ ತಿರುಗಿ ನೋಡಿದರೆ, ನಮ್ಮ ಹಾಯಿದೋಣಿ ತಾನೇ ಹೊರಟುಬಿಟ್ಟಿದೆ. ಲಂಗರು ಮರಳಲ್ಲಿ ಜಾರಿತ್ತು. ಇವರು ರಬ್ಬರ್ ದೋಣಿಗೆ ಹುಟ್ಟು ಹಾಕಿಕೊಂಡು ಅದರ ಹಿಂದೆ ಹೋದರು. ನೋಡ್ತಾ ನೋಡ್ತಾ ಎರಡು ದೋಣಿಯೂ ದ್ವೀಪದ ತುದಿಯ ಗುಡ್ಡದ ಮರೆಗೆ ಹೋದವು. ಎಳನೀರಿನವಳು ನನ್ನನ್ನು ಕೂರಿಸಿ, ಆ ಕಡೆ ಮೀನು ಹಿಡೀತಿದ್ದ ತನ್ನ ಅಣ್ಣನಿಗೆ ಫೋನ್ ಮಾಡಿ ಇವರನ್ನ ನೋಡೋಕೆ ಹೇಳಿ, ಇನ್ನು ನಾವು ಕಾಯಬೇಕು ಅಂದಳು. ಆಗ ದೇವರನ್ನು ನೆನೆಯಬೇಕು ಅಲ್ವಾ? ನಾನು ದಡದಲ್ಲಿದ್ದ ಇನ್ಯಾರದೋ ದೋಣಿ ನೋಡ್ತಾ, ಈ ಹಗ್ಗ ಬಿಚ್ಚೋದು ಹೇಗೆ, ಹಾಯಿ ಯಾವ ಕಡೆ ತಿರುಗಿಸಬೇಕು ಅಂತ ಯೋಚಿಸ್ತಿದ್ದೆ. ಅಳು ಬರಲಿಲ್ಲ. ಸಿಟ್ಟು ಬಂತು. ಇವರ ಮೇಲೋ, ಸುಮ್ಮನೆ ಕೂತ ನನ್ನ ಮೇಲೋ, ಇವತ್ತಿಗೂ ತಿಳೀತಿಲ್ಲ.

ಬಿಸಿಲು ಇಳಿಯೋ ಹೊತ್ತಿಗೆ ಇವರು ಗುಡ್ಡ ಸುತ್ತಿಕೊಂಡು, ಹಾಯಿ ಏರಿಸಿಕೊಂಡು ವಾಪಸ್ ಬಂದರು. ಅಂಗೈ ಚರ್ಮ ಕಿತ್ತುಹೋಗಿತ್ತು. ನನ್ನ ಪಕ್ಕ ಕುಸಿದು ಕೂತು, "ರೇಣು, ನೀರಿನ ಸಹವಾಸ ಸಾಕು. ನಿನ್ನನ್ನ ಇಲ್ಲಿ ಒಬ್ಬಳನ್ನೇ ಬಿಟ್ಟು ಹೋಗಿಬಿಡ್ತಿದ್ದೆ," ಅಂದರು. ಹೂಂ ಅಂದೆ. ಸಮಾಧಾನ ಆಗಬೇಕಿತ್ತು, ಏನೋ ಕೈತಪ್ಪಿದ ಹಾಗಾಯಿತು. ಮನೆಗೆ ಬಂದ ಮೇಲೆ ಇವರು ದೋಣಿಯ ಮಾತೇ ಎತ್ತಿಲ್ಲ. ಮಗಳು ಇಶಾ ಕೇಳಿದರೆ, ಬೀಚ್ ಚೆನ್ನಾಗಿತ್ತು ಅಂತಾರೆ.

ಭಾವನಿಗೆ ನನ್ನ ನಮಸ್ಕಾರ. ಅಮ್ಮನಿಗೆ, ಇಬ್ಬರೂ ಕಪ್ಪಗಾಗಿ ಬಂದಿದಾರೆ ಅಂತಷ್ಟೇ ಹೇಳು.

ನಿನ್ನ ತಂಗಿ,
ರೇಣು

ಇದೊಂದು ಬಿಟ್ಟುಹೋಯಿತು: ಮೇ ತಿಂಗಳಿಂದ ಶುರುವಾಗೋ ಹಾಯಿದೋಣಿ ಕ್ಲಾಸಿಗೆ ನಿನ್ನೆ ಹೆಸರು ಕೊಟ್ಟು ಬಂದೆ. ಇವರ ಹೆಸರಲ್ಲ, ನನ್ನದು. ಇವರಿಗೆ ಇನ್ನೂ ಹೇಳಿಲ್ಲ. ಹೆದರ್ತಾರೋ, ನೊಂದುಕೊಳ್ತಾರೋ ಗೊತ್ತಿಲ್ಲ. ಹೇಗೆ ಹೇಳಲಿ ಅಂತ ಬರಿ. ಮೊದಲು ಈಜು ಬರಬೇಕಂತೆ, ಬರೋ ಸೋಮವಾರದಿಂದ ಅದಕ್ಕೂ ಹೋಗ್ತೀನಿ.