ಮನೆಯವರಿಗೆ ಎಂದು ಕೊಂಡ ಕ್ರೀಮು

ಅಜ್ಜಂಪುರ,
ಶುಕ್ರವಾರ, 14 ಮಾರ್ಚ್ 2025

ತ್ರಿವೇಣಿ,

ಮದುವೆಯಾದ ಮೇಲೆ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನು ಫೋನು ಎತ್ತುವುದಿಲ್ಲ. ನಿಮ್ಮಣ್ಣ ಷಣ್ಮುಖಪ್ಪನವರು ಎತ್ತಿ, "ಸೋಮ್ವಾರ ಎಲ್ರೂ ಕೂತ್ಕೊತೀವಲ್ಲಪ್ಪ, ಏನಿದ್ರೂ ಅಲ್ಲೇ ಹೇಳು" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ.

ಸೋಮವಾರ ಕಡೂರಿನ ನಿಮ್ಮ ಮನೆಯಲ್ಲಿ ಎರಡೂ ಕಡೆಯ ಹಿರಿಯರ ಮುಂದೆ ನಾನು ಆ ಹೆಂಗಸು ಯಾರೆಂದು ಬಾಯಿಬಿಡಬೇಕು. ಇಲ್ಲದಿದ್ದರೆ ನೀನೂ ಸ್ಫೂರ್ತಿಯೂ ವಾಪಸ್ ಬರುವುದಿಲ್ಲ, ಮಗಳನ್ನು ಅಲ್ಲೇ ಶಾಲೆಗೆ ಸೇರಿಸುತ್ತೀರಿ. ನನ್ನ ಕಷ್ಟ ಏನೆಂದರೆ, ಹೇಳುವುದಕ್ಕೆ ಹೆಸರಿಲ್ಲ. ಯಾವ ಹೆಂಗಸೂ ಇಲ್ಲ ತ್ರಿವೇಣಿ.

ನನ್ನ ಅಂಗಿಯ ಜೇಬಿನಲ್ಲಿ ನಿನಗೆ ಸಿಕ್ಕಿತಲ್ಲ ಕ್ರೀಮಿನ ಟ್ಯೂಬು, ಅದು ನನ್ನದೇ. ಹಚ್ಚಿಕೊಳ್ಳುತ್ತಿದ್ದವನು ನಾನು. ಬೆಳ್ಳಗಾಗಲಿಕ್ಕೆ.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಸ್ಟುಡಿಯೋದ ಶಟರು ಅರ್ಧ ಇಳಿಸಬೇಕಾಯಿತು. ಹೊರಗೆ ಯಾರೋ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕೆಂದು ಕೂಗುತ್ತಿದ್ದಾರೆ, ಕೂಗಲಿ. ಈ ವಯಸ್ಸಿನಲ್ಲಿ, ಮೀಸೆ ಹೊತ್ತ ಗಂಡಸು, ಕದ್ದು ಮುಚ್ಚಿ ಮುಖಕ್ಕೆ ಕ್ರೀಮು ಹಚ್ಚಿಕೊಳ್ಳುತ್ತಿದ್ದೆ ಎಂದು ಹೆಂಡತಿಗೆ ಹೇಳಲು ಎಷ್ಟು ನಾಚಿಕೆಯಾಗುತ್ತದೆ ಎನ್ನುವುದು ನಿನಗೆ ಗೊತ್ತಾಗಲಿಕ್ಕಿಲ್ಲ.

ತರೀಕೆರೆಯ ಮದುವೆ ನೆನಪಿದೆಯಲ್ಲ, ನಿನ್ನ ಚಿಕ್ಕಪ್ಪನ ಮಗಳದ್ದು. ಕಾರು ನಾನೇ ಓಡಿಸಿಕೊಂಡು ಬಂದಿದ್ದೆ. ಊಟದ ಹಾಲಿನ ಬಾಗಿಲಲ್ಲಿ ನಿಮ್ಮ ಕಡೆಯ ಒಬ್ಬ ಅಜ್ಜಿ ನಿನ್ನ ಕೆನ್ನೆ ಸವರಿ, ನನ್ನ ಕಡೆ ಗದ್ದ ತೋರಿಸಿ, "ಡ್ರೈವರ್ಗೂ ಒಂದು ಎಲೆ ಹಾಕ್ಸಮ್ಮ, ಪಾಪ, ನಿಂತವ್ನೆ" ಎಂದರು. ನೀನು ನಕ್ಕೆ. ಆಮೇಲೆ ತಕ್ಷಣ ನನ್ನ ಕೈ ಹಿಡಿದು ಯಾರೆಂದು ಹೇಳಿದೆ, ಅಜ್ಜಿಯೂ ನಾಲಿಗೆ ಕಚ್ಚಿಕೊಂಡರು. ಆದರೆ ನನಗೆ ಉಳಿದದ್ದು ನಿನ್ನ ನಗು. ಅಂಥ ಮಾತಿಗೆ ನಗದೆ ಇನ್ನೇನು ಮಾಡಲಾಗುತ್ತದೆ ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ.

ಬಣ್ಣದ ವಿಷಯದಲ್ಲಿ ನಾನು ಹೀಗೆ ಬೀಳಬಾರದಿತ್ತು. ನನ್ನ ಕಸುಬೇ ಅದು. ಗಂಡಿನ ಕಡೆಗೆ ಕಳಿಸಲು ಫೋಟೋ ತೆಗೆಸುವ ಹುಡುಗಿಯರು ಸ್ಟೂಲಿನ ಮೇಲೆ ಕೂರುವ ಮುಂಚೆಯೇ, "ಅಣ್ಣಾ, ವಸಿ ಬೆಳ್ಳಗೆ ಮಾಡ್ಕೊಡಿ" ಎನ್ನುತ್ತಾರೆ. ಕೇಳದವರಿಗೂ ಮಾಡಿಕೊಡುತ್ತೇನೆ. ಕಂಪ್ಯೂಟರಿನ ಮುಂದೆ ಕೂತರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಮುಖ ಚೆನ್ನಾಗಿ ಬಂದಿಲ್ಲ ಎಂದು ಫೋಟೋ ವಾಪಸ್ ತಂದವರಿದ್ದಾರೆ, ಬೆಳ್ಳಗಾಯಿತು ಎಂದು ತಂದವರು ಒಬ್ಬರೂ ಇಲ್ಲ. ಆ ಮದುವೆಯ ಫೋಟೋದಲ್ಲಿ ನನ್ನನ್ನೂ ಹಾಗೆ ಮಾಡಿ ನೋಡಿದೆ. ನಿನ್ನ ಪಕ್ಕದಲ್ಲಿ ನಿಂತವನು ಗಂಡನ ಹಾಗೇ ಕಂಡ.

ಮಾರನೆಯ ವಾರ ತರೀಕೆರೆಗೆ ಹೋಗಿ, ಗುರುತಿಲ್ಲದ ಒಂದು ಮೆಡಿಕಲ್ ಶಾಪಿನಲ್ಲಿ ಬೆಳ್ಳಗಾಗುವ ಕ್ರೀಮು ಕೇಳಿದೆ. ಅಜ್ಜಂಪುರದಲ್ಲಿ ಕೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. "ಯಾರಿಗೆ?" ಎಂದ. "ಮನೆಯವ್ರಿಗೆ" ಎಂದೆ. ಡಾಕ್ಟರ ಚೀಟಿ ಗೀಟಿ ಏನೂ ಕೇಳದೆ ಕೊಟ್ಟ. ನಿನ್ನಂಥ ಬೆಳ್ಳಗಿನವಳ ಹೆಸರಿನಲ್ಲಿ ನಾನು ಸುಳ್ಳು ಹೇಳಿದ್ದು ಅಲ್ಲಿಂದ ಶುರುವಾಯಿತು.

ಮೊದಮೊದಲು ಏನು ಕಳೆ ಬಂತು ಅಂತೀಯ! ನೀನೇ ಒಂದು ದಿನ, ಏನ್ರೀ ಮುಖ ಇಷ್ಟು ಹೊಳೀತಿದೆ ಅಂದಿದ್ದೆ. ಅಪ್ಪ ಕೂಡ ಊಟಕ್ಕೆ ಕೂತಾಗ ಎರಡು ಸಲ ನೋಡಿದರು. ನಾನು ಉಬ್ಬಿಹೋದೆ. ಸ್ಟುಡಿಯೋದ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು, ಕಡ್ಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿ ತೊಳೆದು, ಅದರ ಮೇಲೆ ಕ್ರೀಮು. ವಾಸನೆ ಸೋಪು ಬೇರೆ. ನೀನು ಸಂಜೆ ಬಂದು ಬಾಗಿಲು ತಟ್ಟಿದಾಗ ಒಳಗೆ ಯಾರೋ ಇದ್ದ ಹಾಗೆ ಗಡಿಬಿಡಿ ಕೇಳಿಸಿತು ಎಂದೆಯಲ್ಲ, ಕಡ್ಲೆಹಿಟ್ಟಿನ ಬಟ್ಟಲು ಮುಚ್ಚಿಡುತ್ತಿದ್ದೆ.

ಆಮೇಲೆ ಕೆಟ್ಟಿತು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಉಜ್ಜಿದ ಹಾಗೆ ಉರಿ. ಸಣ್ಣ ಸಣ್ಣ ಗುಳ್ಳೆ ಎದ್ದವು. ಹಚ್ಚುವುದು ಬಿಟ್ಟರೆ ಮುಖ ಇನ್ನಷ್ಟು ಕೆಂಪಗೆ ಊದಿಕೊಳ್ಳುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ಬಿಡಲಾರದೆ ಮತ್ತೆ ತಂದೆ. ಆ ಟ್ಯೂಬೇ ನಿನ್ನ ಕೈಗೆ ಸಿಕ್ಕಿದ್ದು.

ನೀನು ಯಾರದ್ದು ಎಂದು ಕೇಳಿದೆ. ಕಸ್ಟಮರ್ ಹುಡುಗಿ ಬಿಟ್ಟು ಹೋದದ್ದು ಎಂದೆ. ಜೇಬಿಗೆ ಹೇಗೆ ಬಂತು ಎಂದು ನೀನು ಕೇಳಿದೆ. ಬೇರೆ ಯಾರಾದರೂ ಇದ್ದಾರಾ ಎಂದು ನೀನು ನೇರವಾಗಿ ಕೇಳಿದಾಗಲೂ ಇಲ್ಲ ಎನ್ನಲಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳಿದರೆ ನೀನು ಉಗಿಯುತ್ತೀಯ, ಆದರೂ ಹೇಳುತ್ತೇನೆ. ಬೆಳ್ಳಗಾಗಲು ಹೊರಟ ಗಂಡಸು ಎನ್ನಿಸಿಕೊಳ್ಳುವುದಕ್ಕಿಂತ, ಇನ್ನೊಬ್ಬಳನ್ನು ಇಟ್ಟುಕೊಂಡ ಗಂಡಸು ಎನ್ನಿಸಿಕೊಳ್ಳುವುದೇ ಮೇಲು ಅನ್ನಿಸಿತು. ನೀನು ಅಳುತ್ತಾ ಬಟ್ಟೆ ಮಡಚುತ್ತಿದ್ದೆ, ನಾನು ಮರ್ಯಾದೆ ಉಳಿಯಿತು ಎಂದುಕೊಂಡು ನಿಂತಿದ್ದೆ. ಥೂ ನನ್ನ.

ನೀವು ಹೋದ ಮೇಲೆ ನಾನೂ ಕಡೂರಿಗೆ ಬಂದಿದ್ದೆ, ಚರ್ಮದ ಡಾಕ್ಟರ ಹತ್ತಿರ. ಮುಖಕ್ಕೆ ಟವೆಲು ಸುತ್ತಿಕೊಂಡು ನಿಮ್ಮ ಬೀದಿಯ ತುದಿ ದಾಟುತ್ತಿದ್ದವನನ್ನು ನಿಮ್ಮಣ್ಣ ನೋಡಿದರಂತೆ. ಯಾರ ಮನೆಗೋ ಹೋಗುತ್ತಿದ್ದೆ ಎಂದು ಅದನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಡಾಕ್ಟರಮ್ಮ ಟ್ಯೂಬು ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಬೇರೆ ಕಾಯಿಲೆಗೆ ಸ್ವಲ್ಪ ದಿನಕ್ಕೆ ಕೊಡುವ ಔಷಧಿ, ದಿನಾ ಹಚ್ಚಿ ಚರ್ಮ ತೆಳ್ಳಗೆ ಮಾಡಿಕೊಂಡಿದ್ದೀರಿ ಎಂದರು. "ನಿಮ್ಮ ಬಣ್ಣಕ್ಕೆ ಏನೂ ಆಗಿರ್ಲಿಲ್ಲ ಕಣ್ರೀ, ಕಾಯಿಲೆ ನೀವಾಗಿ ತಂದ್ಕೊಂಡ್ರಿ" ಎಂದು ಬೈದರು. ಕ್ರೀಮನ್ನು ತಾವು ಹೇಳಿದ ಹಾಗೆ ನಿಧಾನಕ್ಕೆ ಬಿಡಬೇಕು, ನಿಂಬೆ, ಕಡ್ಲೆಹಿಟ್ಟು, ವಾಸನೆ ಸೋಪು ಮುಟ್ಟಬಾರದು. ಮೆತ್ತನೆಯ ಸೋಪಿನಲ್ಲಿ ತೊಳೆದು, ಒಣಗದ ಹಾಗೆ ಏನಾದರೂ ಸವರಿ, ಹೊರಗೆ ಹೋಗುವಾಗ ಬಿಸಿಲು ತಡೆಯುವ ಕ್ರೀಮು ಹಚ್ಚಬೇಕು. ನಿದ್ದೆ ಮಾಡಬೇಕು. ಅಷ್ಟೇ. ಆರೋಗ್ಯವಾಗಿದ್ದರೆ ಕಪ್ಪು ಮುಖಕ್ಕೂ ಕಳೆ ತಾನಾಗಿ ಇರುತ್ತದಂತೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲು ಇನ್ನೂ ಅಸಹ್ಯವಾಗಿ ಕಾಣುತ್ತೀರಿ ಎಂದರು. ಹಾಗೇ ಕಾಣುತ್ತಿದ್ದೇನೆ.

ಈಗ ನಿನ್ನಲ್ಲಿ ಒಂದು ಬೇಡಿಕೊಳ್ಳುತ್ತೇನೆ. ನಿನಗೆ ಗೊತ್ತಾಯಿತಲ್ಲ, ಸಾಕು. ನಿಮ್ಮಣ್ಣನಿಗಾಗಲಿ, ನಮ್ಮಪ್ಪನಿಗಾಗಲಿ ಹೇಳಬೇಡ. ಸೋಮವಾರ ನಾನು ಬಂದು ತಲೆ ತಗ್ಗಿಸಿ, ತಪ್ಪಾಯ್ತು, ಇನ್ನು ಮೇಲೆ ಹಾಗಾಗಲ್ಲ ಎನ್ನುತ್ತೇನೆ. ಅವರು ಹೆಂಗಸಿನ ವಿಷಯ ಎಂದೇ ತಿಳಿದುಕೊಳ್ಳಲಿ. ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ. ಕ್ರೀಮಿನ ವಿಷಯ ತಿಳಿದರೆ ನಾನು ಸಾಯುವ ತನಕ ನಗುತ್ತಾರೆ. ನೀನು ಮನಸ್ಸು ಮಾಡಿ ಮಗಳನ್ನು ಕರೆದುಕೊಂಡು ಬಂದುಬಿಡು. ನೀವಿಬ್ಬರೂ ಇಲ್ಲದೆ ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ.

ನಿನಗೆ ಮುಖ ತೋರಿಸಲಾರದ,
ಮೃತ್ಯುಂಜಯ

ತಾ.ಕ.: ಕಡೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸೋಣ ಎಂದಿದ್ದೆ. ಕವರಿಗೆ ಗೋಂದು ಬೇಕಾಗಿತ್ತು. ಶಾಲೆ ಬಿಟ್ಟ ಮೇಲೆ ಸ್ಫೂರ್ತಿ ಇಲ್ಲಿ ಕೂತು ಬರೆಯುವ ಟೇಬಲಿನ ಡ್ರಾಯರ್ ಎಳೆದೆ. ಅವಳ ಜಾಮಿಟ್ರಿ ಬಾಕ್ಸಿನಲ್ಲಿ, ನಾನು ಮುಗಿಯಿತೆಂದು ಬಿಸಾಕಿದ್ದ ಮೊದಲನೆಯ ಟ್ಯೂಬಿದೆ. ಕತ್ತರಿಯಲ್ಲಿ ಸೀಳಿ, ಒಳಗೆ ಚೂರೂ ಉಳಿಯದ ಹಾಗೆ ಬಳಿದುಕೊಂಡಿದ್ದಾಳೆ. ಬಾಕ್ಸಿನ ಮುಚ್ಚಳದ ಒಳಗೆ ಅವಳ ಶಾಲೆಯ ಐಡಿ ಕಾರ್ಡಿಗೆ ನಾನು ತೆಗೆದ ಫೋಟೋ ಅಂಟಿಸಿಕೊಂಡಿದ್ದಾಳೆ. ಅದನ್ನೂ ಬೆಳ್ಳಗೆ ಮಾಡಿದ್ದೆ ತ್ರಿವೇಣಿ. ನನ್ನದೇ ಬಣ್ಣದ ಮಗು, ಅವಳು ಕೇಳಿರಲಿಲ್ಲ.

ಅವಳ ಕೆನ್ನೆ ಕೆಂಪಾದಾಗ ಸೆಕೆಗುಳ್ಳೆ ಎಂದು ನೀನು ಪೌಡರ್ ಹಾಕುತ್ತಿದ್ದೆಯಲ್ಲ, ಅದು ಸೆಕೆಗುಳ್ಳೆಯಲ್ಲ. ಹಾಕಬೇಡ. ಕಂಡಕ್ಟರ್ ಕೈಗೆ ಕೊಡುವುದಿಲ್ಲ, ಇದನ್ನು ಹಿಡಿದುಕೊಂಡು ಈಗ ಹೊರಡುವ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಅವಳನ್ನು ಡಾಕ್ಟರಮ್ಮನಿಗೆ ತೋರಿಸೋಣ. ಹೇಳಬೇಡ ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು, ಎಲ್ಲರಿಗೂ ನಾನೇ ಹೇಳುತ್ತೇನೆ, ಅವಳ ಎದುರಿಗೇ. ನಗುವವರು ನಗಲಿ. ನಾನು ಬರುವ ತನಕ ಅವಳನ್ನು ಗದರಿಸಬೇಡ. ಹತ್ತಿರ ಕೂರಿಸಿಕೊಂಡು ಉರಿಯುತ್ತಿದೆಯಾ ಎಂದು ಕೇಳು. ತಾನಾಗಿ ಹೇಳುವುದಿಲ್ಲ, ನನ್ನ ಮಗಳಲ್ಲವಾ.