ಪರದೆಗೆಂದು ಕಳಿಸಿದ ಕೆಂಪು ಬಟ್ಟೆ

ಐಟುಟಾಕಿ,
ಜೂನ್ 9

ಆಕ್ಲೆಂಡಿನ ಚಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಕೂತಿರುವ ನನ್ನ ಮೇರೆಯಾನಾ ಅಕ್ಕನಿಗೆ,

"ಬರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡೆ" ಎಂದು ನೀನು ಫೋನಿನಲ್ಲಿ ಗದರಿಸಿ ಎಷ್ಟೋ ದಿನವಾಯಿತು. ನೀನು ಕೆಲಸ ಮಾಡುವ ವೃದ್ಧಾಶ್ರಮದಲ್ಲೇ ನನಗೂ ಕೆಲಸ ಹುಡುಕಿದ್ದೀಯ. ನಿನ್ನ ಮನೆಯಲ್ಲಿ ನನಗೊಂದು ಕೋಣೆಯೂ ಇದೆ. ಅದರ ಕಿಟಕಿಗೆ ಪರದೆ ಹೊಲಿದುಕೊಂಡು ಬಾ ಎಂದು ಕೆಂಪು ಬಟ್ಟೆಯನ್ನೂ ಕಳಿಸಿದ್ದೀಯ. ನಾನು ಮಾತ್ರ ಬೆಳಿಗ್ಗೆ ಹೋಗೋಣ ಎನ್ನುತ್ತೇನೆ, ಸಂಜೆ ಬೇಡ ಎನ್ನುತ್ತೇನೆ. ಪಾದ್ರಿಗಳನ್ನು ಕೇಳಿದೆ, ಮೀನು ಮಾರುವವಳನ್ನು ಕೇಳಿದೆ. ಇನ್ನು ಹಿತ್ತಿಲ ಕೋಳಿಗಳನ್ನು ಕೇಳುವುದೊಂದು ಬಾಕಿ.

ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ತೆಪಾಯೆರು ವಿಷಯಕ್ಕೆ. ಹೌದು, ನಮ್ಮ ತಮ್ಮನ ಹೆಂಡತಿಯೇ. ಮದುವೆಯಾಗಿ ನಮ್ಮ ದ್ವೀಪಕ್ಕೆ ಬಂದವಳ ಚಪ್ಪಲಿ ಇನ್ನೂ ಸವೆದಿಲ್ಲ.

ತಾಪೀತಾ ದೊಡ್ಡಮ್ಮನ ಕೈ ಈಗ ನಡುಗುತ್ತದೆ. ನಾವೆಲ್ಲ ಸೇರಿ ಹೊಲಿಯುವ ಟಿವೈವೈ ಹೊದಿಕೆಗೆ ಹೂವಿನ ಬಟ್ಟೆ ಕತ್ತರಿಸುವ ಕೆಲಸವನ್ನು ಯಾರಿಗಾದರೂ ಒಪ್ಪಿಸಬೇಕೆಂದು ಚರ್ಚಿನ ಹಾಲ್‌ನಲ್ಲಿ ನನ್ನ ಮುಂದೆ, ತೆಪಾಯೆರು ಮುಂದೆ ಒಂದೊಂದು ಬಟ್ಟೆ ಹಾಕಿದಳು. ನಿನಗೆ ಗೊತ್ತಲ್ಲ, ಮಡಚಿದ ಬಟ್ಟೆಗೆ ಕತ್ತರಿ ಇಟ್ಟರೆ ಮುಗಿಯಿತು, ಬಿಚ್ಚಿದಾಗ ಕಂಡದ್ದೇ ಹೂವು. ನಾನು ಪೆನ್ಸಿಲ್ ತೆಗೆದೆ. ಬರೆದೆ, ಅಳಿಸಿದೆ, ದಾಸವಾಳವೋ ದೀವಿಹಲಸಿನ ಎಲೆಯೋ ಎಂದು ಲೆಕ್ಕ ಹಾಕುತ್ತ ಕೂತೆ. "ಪೆನ್ಸಿಲ್ ಏನು ನಿನ್ನ ಗಂಡನೇನೇ, ಅದರ ಅಪ್ಪಣೆ ಕೇಳೋಕೆ?" ಎಂದಳು ದೊಡ್ಡಮ್ಮ. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ತೆಪಾಯೆರು ಪಕ್ಕದವಳ ಜೊತೆ ಹರಟುತ್ತಲೇ ಕತ್ತರಿಸಿ ಮುಗಿಸಿದ್ದಳು. ಬಿಚ್ಚಿದರೆ ದಾಸವಾಳ, ಹೆಸರಿಡುವ ಹಾಗಿಲ್ಲ. ದೊಡ್ಡಮ್ಮ ತನ್ನ ಕತ್ತರಿಯನ್ನು ಅವಳ ಮಡಿಲಿಗೆ ಹಾಕಿದಳು.

ಅಕ್ಕ, ನನಗೆ ಹೊಟ್ಟೆ ಉರಿಯುತ್ತಿದೆ. ಅವಳು ತೆಂಗಿನಹಾಲಿನಲ್ಲಿ ಬೇಯಿಸಿ ಕಳಿಸಿದ ಕೆಸುವಿನ ಸೊಪ್ಪನ್ನು ಕೋಳಿಗಳಿಗೆ ಹಾಕಿಬಿಟ್ಟೆ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನೀವೇ ಕತ್ತರಿಸಿ" ಎಂದಳು. ಆ ಸಮಾಧಾನಕ್ಕೇ ಅವಳ ಜಡೆ ಹಿಡಿದು ಎಳೆಯಬೇಕೆನಿಸಿತು.

ಇನ್ನು ಇಲ್ಲಿ ನನಗೇನಿದೆ? ಆಗಸ್ಟಿನಲ್ಲಿ ಬಂದುಬಿಡುತ್ತೇನೆ. ನೀನು ಕೇಳಿದ ಒಂದು ಮಾತು ಇದೇ.

ಉರಿಯುತ್ತಿರುವ ನಿನ್ನ ತಂಗಿ,
ತುವಾಯಿನೆ

ತಾ.ಕ.: ಕಾಗದವನ್ನು ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸಬೇಕು. ಪೆಟ್ಟಿಗೆಯಲ್ಲಿ ಇಡಲೆಂದು ನಿನ್ನ ಕೆಂಪು ಬಟ್ಟೆಯನ್ನು ಮಡಚಿದೆ, ಮಡಚಿದ್ದನ್ನು ಮತ್ತೆ ಮಡಚಿದೆ. ಅಡುಗೆಮನೆಯ ಕತ್ತರಿ ಅಲ್ಲೇ ಇತ್ತು. ಪೆನ್ಸಿಲ್ಲಿನ ನೆನಪಾಗುವಷ್ಟರಲ್ಲಿ ಕತ್ತರಿಸಿ ಆಗಿತ್ತು. ದೀವಿಹಲಸಿನ ಎಲೆ. ಮಡಚಿ ಕತ್ತರಿಸಿದ್ದಲ್ಲವೇ, ಎಲ್ಲ ಎಲೆಗಳೂ ಒಂದೇ ಥರ ಸೊಟ್ಟ.

ಹಾಲ್‌ಗೆ ಒಯ್ದು ಹೊದಿಕೆಯ ಬಿಳಿ ಬಟ್ಟೆಯ ಮೇಲೆ ಹರಡಿದೆ. ದೊಡ್ಡಮ್ಮ ಬಗ್ಗಿ ನೋಡಿದಳು. ಮೊದಲು ಸೂಜಿಗೆ ದಾರ ಪೋಣಿಸಿದವಳು ತೆಪಾಯೆರು. "ಅತ್ತಿಗೆ, ಈ ಮೂಲೆ ನಂದು" ಎಂದು ಕೂತೇಬಿಟ್ಟಳು. ಅವಳ ಹಿಂದೆ ಉಳಿದವರೂ ಕೂತರು, ಕೊನೆಗೆ ದೊಡ್ಡಮ್ಮನೂ. ಸೂಜಿ ಹಿಡಿದು ಕೂತರೆಂದರೆ ಒಪ್ಪಿದ ಹಾಗೆ.

ದೊಡ್ಡಮ್ಮನ ಕತ್ತರಿ ಈಗಲೂ ತೆಪಾಯೆರು ಹತ್ತಿರವೇ ಇದೆ, ನನಗೆ ಈಗಲೂ ಹೊಟ್ಟೆ ಉರಿಯುತ್ತಿದೆ. ನಿನ್ನ ಮನೆ, ನಿನ್ನ ಕಾರು, ನಿನ್ನ ಸಂಬಳ ಕಂಡು ಎಂದಾದರೂ ಹೀಗೆ ಉರಿದಿತ್ತೇ ಎಂದು ನೆನೆದು ನೋಡಿದೆ. ಇಲ್ಲ ಅಕ್ಕ, ಒಂದು ದಿನವೂ ಇಲ್ಲ.

ಕಿಟಕಿಗೆ ಬೇರೆ ಬಟ್ಟೆ ಕೊಂಡುಕೋ. ಆಗಸ್ಟಿನಲ್ಲಿ ನನ್ನ ಬದಲು ಆ ಹೊದಿಕೆ ಬರುತ್ತದೆ.